ಶಾಸ್ತ್ರೀಯ ಸಂಗೀತ ಕಛೇರಿಗಳ ಚಿತ್ರೀಕರಣ ಮತ್ತು ಸಂಗೀತಗಾರರ ಸಾಕ್ಷ್ಯಚಿತ್ರಗಳು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಶಾಸ್ತ್ರೀಯ ಸಂಗೀತವು ಹಾಡುವ ಹೊತ್ತಿನಲ್ಲಿ ರೂಪುಗೊಂಡು, ಹಾಡಿ ಮುಗಿದೊಡನೆ ಮರೆಯಾಗುವ ಕಲೆಯಾಗಿದೆ. ಒಬ್ಬನೇ ಗಾಯಕನು ಒಂದೇ ರಾಗವನ್ನು ಎರಡು ದಿನ ಹಾಡಿದರೂ ಎರಡು ದಿನದ ಹಾಡುಗಾರಿಕೆಯು ಒಂದೇ ಆಗಿರುವುದಿಲ್ಲ. ಧ್ವನಿಮುದ್ರಣವು ಗಾಯನವನ್ನು ಉಳಿಸುತ್ತದೆ. ಆದರೆ ಸ್ವರದೊಡನೆ ಚಲಿಸುವ ಕೈ, ತಬಲಾ ಅಥವಾ ಮೃದಂಗ ವಾದಕರ ಕಡೆಗಿನ ನೋಟ, ವೀಣೆಯ ತಂತಿಯನ್ನು ಎಳೆಯುವ ಬೆರಳು, ಹಿಂದೆ ಕುಳಿತು ತಂಬೂರಿ ಮೀಟುವ ಶಿಷ್ಯರು, ಎದುರಿನ ಶ್ರೋತೃಗಳು ಇವೆಲ್ಲವೂ ಉಳಿಯುವುದು ಚಲನಚಿತ್ರದಲ್ಲಿ ಮಾತ್ರ. ಈ ಕಾರಣದಿಂದ ಕಛೇರಿಗಳ ಚಿತ್ರೀಕರಣಗಳು ಮತ್ತು ಸಂಗೀತಗಾರರ ಸಾಕ್ಷ್ಯಚಿತ್ರಗಳು ಮನರಂಜನೆಯ ಸಾಮಗ್ರಿಗಳಷ್ಟೇ ಅಲ್ಲದೆ ಕಲಿಕೆಯ ಮತ್ತು ಇತಿಹಾಸದ ದಾಖಲೆಗಳೂ ಆಗಿವೆ.

ಇಂತಹ ಚಿತ್ರಗಳನ್ನು ವೀಕ್ಷಿಸಲು, ಪ್ರತಿ ಪಡೆಯಲು ಅಥವಾ ಪ್ರದರ್ಶಿಸಲು ಬಯಸುವ ವಿದ್ಯಾರ್ಥಿಗಳು, ಸಂಶೋಧಕರು ಮತ್ತು ಸಂಗೀತ ಸಭೆಗಳ ಉಪಯೋಗಕ್ಕಾಗಿಯೂ, ಹಳೆಯ ಸುರುಳಿ ಮತ್ತು ಟೇಪುಗಳನ್ನು ಹೊಂದಿರುವ ಕುಟುಂಬಗಳ ಉಪಯೋಗಕ್ಕಾಗಿಯೂ ಈ ಮಾಹಿತಿಯನ್ನು ನೀಡಲಾಗಿದೆ.

ಚಿತ್ರಗಳ ವಿಧಗಳು

ಈ ಚಿತ್ರಗಳನ್ನು ಸ್ಥೂಲವಾಗಿ ಮೂರು ವಿಧಗಳಾಗಿ ವಿಂಗಡಿಸಬಹುದು.

1. ಕಛೇರಿಯ ಚಿತ್ರೀಕರಣ: ವೇದಿಕೆಯಲ್ಲಿ, ಬೈಠಕ್‌ನಲ್ಲಿ ಅಥವಾ ದೂರದರ್ಶನದ ಸ್ಟುಡಿಯೋದಲ್ಲಿ ನಡೆದ ಕಾರ್ಯಕ್ರಮವನ್ನು ಇದ್ದಂತೆಯೇ ದಾಖಲಿಸಿದ್ದು.

2. ಸಾಕ್ಷ್ಯಚಿತ್ರ: ಸಂಗೀತಗಾರರ ಜೀವನ, ಗುರುಪರಂಪರೆ ಮತ್ತು ಗಾಯನಶೈಲಿಯನ್ನು ನಿರ್ದೇಶಕರು ತಮ್ಮ ದೃಷ್ಟಿಯಿಂದ ನಿರೂಪಿಸಿದ್ದು. ಇದರಲ್ಲಿ ಗಾಯನದ ಆಯ್ದ ಭಾಗಗಳು ಮಾತ್ರ ಇರುತ್ತವೆ.

3. ಕಥಾಚಿತ್ರದೊಳಗಿನ ಸಂಗೀತ: ಕಥೆಯ ಭಾಗವಾಗಿ ನಿಜವಾದ ಕಲಾವಿದರೇ ಕಾಣಿಸಿಕೊಂಡು ಹಾಡಿದ್ದು ಅಥವಾ ನುಡಿಸಿದ್ದು. ಸತ್ಯಜಿತ್ ರಾಯ್ ಅವರ 1958ರ ‘ಜಲಸಾಘರ್’ ಬಂಗಾಳಿ ಚಿತ್ರದಲ್ಲಿ ಬೇಗಂ ಅಖ್ತರ್ ಅವರ ಗಾಯನವಿದ್ದು, ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರೂ ಕಾಣಿಸಿಕೊಂಡಿದ್ದಾರೆ.

ಹುಡುಕಾಟದ ಆರಂಭದಲ್ಲಿಯೇ ಬೇಕಾಗಿರುವುದು ಯಾವ ವಿಧದ ಚಿತ್ರವೆಂದು ನಿರ್ಧರಿಸಿಕೊಳ್ಳುವುದು ಸೂಕ್ತ. ಒಂದೊಂದು ವಿಧದ ಚಿತ್ರವು ಒಂದೊಂದು ಸಂಸ್ಥೆಯ ವಶದಲ್ಲಿರುತ್ತದೆ.

ಐತಿಹಾಸಿಕ ಹಿನ್ನೆಲೆ

ಭಾರತದಲ್ಲಿ ಸಂಗೀತದ ಗ್ರಾಮಫೋನ್ ಮುದ್ರಣವು 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಮುಂತಾದವರ ಗಾಯನದಿಂದ ಪ್ರಾರಂಭವಾಯಿತು. ಆ ತಟ್ಟೆಗಳ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷಗಳ ಗಾಯನವಷ್ಟೇ ಹಿಡಿಯುತ್ತಿತ್ತು. ಮಾತಿನ ಚಿತ್ರಗಳು 1931ರಲ್ಲಿ ‘ಆಲಂ ಆರಾ’ದೊಂದಿಗೆ ಬಂದವು. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ ಅವರು 1938ರಲ್ಲಿ ದಕ್ಷಿಣ ಭಾರತದಲ್ಲಿ ಸಂಚರಿಸಿ ಸಂಗೀತ, ನೃತ್ಯ ಮತ್ತು ಆಚರಣೆಗಳನ್ನು 16 ಮಿ.ಮೀ. ಮೂಕಿ ಚಿತ್ರಗಳಲ್ಲಿ ದಾಖಲಿಸಿದರು. ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅವರು 1984ರಲ್ಲಿ ಈ ದಾಖಲೆಗಳೊಂದಿಗೆ ತಮಿಳುನಾಡು, ಕೇರಳ ಮತ್ತು ಕರ್ನಾಟಕಗಳಿಗೆ ಮರಳಿ, ಆ ಕಲೆಗಳಲ್ಲಿ ಉಳಿದದ್ದೇನು, ಬದಲಾದದ್ದೇನು ಎಂಬುದನ್ನು ಅಧ್ಯಯನ ಮಾಡಿದರು.

ಸ್ವಾತಂತ್ರ್ಯಾನಂತರ, 1948ರಲ್ಲಿ ಕೇಂದ್ರ ಸರ್ಕಾರವು ಮುಂಬಯಿಯಲ್ಲಿ ಫಿಲ್ಮ್ಸ್ ಡಿವಿಷನ್ ಸಂಸ್ಥೆಯನ್ನು ಸ್ಥಾಪಿಸಿತು. ಮುಂದಿನ ದಶಕಗಳಲ್ಲಿ ಸಂಗೀತಗಾರರನ್ನು ಕುರಿತ ಅನೇಕ ಸಾಕ್ಷ್ಯಚಿತ್ರಗಳು ಈ ಸಂಸ್ಥೆಯಿಂದ ಹೊರಬಂದವು. ಸಂಗೀತ ನಾಟಕ ಅಕಾಡೆಮಿಯು 1953ರ ಜನವರಿ 28ರಂದು ಉದ್ಘಾಟನೆಗೊಂಡು ಪ್ರದರ್ಶನ ಕಲೆಗಳ ದಾಖಲೀಕರಣವನ್ನು ಕೈಗೊಂಡಿತು. ದೂರದರ್ಶನವು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿಯೂ, 1981ರ ನವೆಂಬರ್ 1ರಂದು ಬೆಂಗಳೂರಿನಲ್ಲಿಯೂ ಪ್ರಸಾರವನ್ನು ಆರಂಭಿಸಿತು. ದೂರದರ್ಶನದಲ್ಲಿ ವರ್ಣ ಪ್ರಸಾರವು 1982ರಲ್ಲಿ ಆರಂಭವಾಯಿತು.

ಚಿತ್ರಸುರುಳಿಯ ಮಿತಿ

ಹಳೆಯ ಚಿತ್ರಗಳಲ್ಲಿ ಪೂರ್ಣ ಕಛೇರಿಗಳು ಅಪರೂಪವಾಗಿರುವುದಕ್ಕೆ ತಾಂತ್ರಿಕ ಕಾರಣವಿದೆ. ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ 35 ಮಿ.ಮೀ. ಫಿಲ್ಮಿನ 1000 ಅಡಿಯ ಸುರುಳಿಯು ಸುಮಾರು 11 ನಿಮಿಷಗಳಲ್ಲಿ ಮುಗಿಯುತ್ತದೆ. 16 ಮಿ.ಮೀ. ಫಿಲ್ಮಿನ 400 ಅಡಿಯ ಸುರುಳಿಯ ಅವಧಿಯೂ ಅಷ್ಟೇ. ಒಂದು ರಾಗದ ಆಲಾಪವೇ ಇದಕ್ಕಿಂತ ದೀರ್ಘವಾಗಿರಬಹುದು. ಒಂದೇ ಕ್ಯಾಮೆರಾ ಇದ್ದಲ್ಲಿ ಸುರುಳಿ ಬದಲಿಸುವಾಗ ಗಾಯನವು ಮುಂದುವರಿಯುತ್ತಿತ್ತು, ಚಿತ್ರವು ನಿಲ್ಲುತ್ತಿತ್ತು. ಫಿಲ್ಮಿನ ವೆಚ್ಚವೂ ಅಧಿಕವಾಗಿದ್ದುದರಿಂದ ಆಯ್ದ ಭಾಗಗಳನ್ನಷ್ಟೇ ಚಿತ್ರೀಕರಿಸುವುದು ರೂಢಿಯಾಯಿತು.

ಒಂದಕ್ಕಿಂತ ಹೆಚ್ಚು ಕ್ಯಾಮೆರಾಗಳನ್ನು ಬಳಸುವುದು ಇದಕ್ಕೆ ಪರಿಹಾರವಾಗಿತ್ತು. ಅಮೆರಿಕದ ಮಾಂಟೆರೆಯಲ್ಲಿ 1967ರಲ್ಲಿ ನಡೆದ ಸಂಗೀತೋತ್ಸವವನ್ನು ಡಿ.ಎ. ಪೆನ್ನೆಬೇಕರ್ ಅವರು ಹಲವು ಕ್ಯಾಮೆರಾಗಳಿಂದ ಚಿತ್ರೀಕರಿಸಿದರು. 1968ರಲ್ಲಿ ಬಿಡುಗಡೆಯಾದ ಆ ಚಿತ್ರವು ಪಂಡಿತ್ ರವಿಶಂಕರ್ ಮತ್ತು ಉಸ್ತಾದ್ ಅಲ್ಲಾ ರಖಾ ಅವರ ದೀರ್ಘ ವಾದನದೊಂದಿಗೆ ಮುಕ್ತಾಯವಾಗುತ್ತದೆ.

ಆ ಕಾಲದಲ್ಲಿ ಧ್ವನಿಯನ್ನು ಸಾಮಾನ್ಯವಾಗಿ ಪ್ರತ್ಯೇಕ ಟೇಪಿನಲ್ಲಿ ಮುದ್ರಿಸಿ, ಅನಂತರ ಚಿತ್ರದೊಂದಿಗೆ ಹೊಂದಿಸಲಾಗುತ್ತಿತ್ತು. ಆದುದರಿಂದ ಸಂಕಲನಗೊಂಡ ಚಿತ್ರದಲ್ಲಿ ಕೆಲವೇ ನಿಮಿಷಗಳ ಗಾಯನವಿದ್ದರೂ, ಧ್ವನಿಟೇಪಿನಲ್ಲಿ ಅಥವಾ ಬಳಕೆಯಾಗದೆ ಉಳಿದ ಸುರುಳಿಗಳಲ್ಲಿ ಹೆಚ್ಚಿನ ಭಾಗವು ಇರುವ ಸಾಧ್ಯತೆಯಿದೆ. ಇವು ಬೇರೆ ಬೇರೆ ಕಡೆಗಳಲ್ಲಿ ಇರಬಹುದಾದ್ದರಿಂದ ಎರಡರ ಬಗ್ಗೆಯೂ ವಿಚಾರಿಸುವುದು ಅಗತ್ಯ.

ಕೆಲವು ಪ್ರಮುಖ ಚಿತ್ರಗಳು

• ಉಸ್ತಾದ್ ಅಮೀರ್ ಖಾನ್ (1970): ಫಿಲ್ಮ್ಸ್ ಡಿವಿಷನ್ ನಿರ್ಮಾಣ, ನಿರ್ದೇಶನ ಎಸ್.ಎನ್.ಎಸ್. ಶಾಸ್ತ್ರಿ. ವಿಲಂಬಿತ ಖಯಾಲ್ ಗಾಯನಕ್ಕೆ ಹೆಸರಾದ ಈ ಗಾಯಕರು ನಾಲ್ಕು ವರ್ಷಗಳ ನಂತರ, 1974ರ ಫೆಬ್ರವರಿ 13ರಂದು ರಸ್ತೆ ಅಪಘಾತದಲ್ಲಿ ನಿಧನರಾದರು. ಚಿತ್ರವನ್ನು ಮುಂದೂಡಿದ್ದಲ್ಲಿ ಅದು ತಯಾರಾಗುತ್ತಲೇ ಇರಲಿಲ್ಲ.

• ಬಾಲಾ (1976): ನಿರ್ದೇಶನ ಸತ್ಯಜಿತ್ ರಾಯ್. ಮುಂಬಯಿಯ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರ ಮತ್ತು ತಮಿಳುನಾಡು ಸರ್ಕಾರದ ಸಹಯೋಗದಲ್ಲಿ ತಯಾರಾದುದು. ಭರತನಾಟ್ಯ ಕಲಾವಿದೆ ಟಿ. ಬಾಲಸರಸ್ವತಿ (1918–1984) ಅವರು ಕಡಲತೀರದಲ್ಲಿ, ವ್ಯಾಸರಾಯರದೆಂದು ಪ್ರಸಿದ್ಧವಾದ, ಬಾಲಕೃಷ್ಣನನ್ನು ಕರೆಯುವ ಕನ್ನಡ ಕೀರ್ತನೆಗೆ ಅಭಿನಯಿಸಿರುವ ಭಾಗವು ಇದರಲ್ಲಿದೆ. ರಾಯ್ ಅವರು ಬಾಲಕರಾಗಿದ್ದಾಗಲೇ ಕಲ್ಕತ್ತೆಯಲ್ಲಿ ಬಾಲಸರಸ್ವತಿಯವರ ನೃತ್ಯವನ್ನು ನೋಡಿದ್ದರು. ಚಿತ್ರೀಕರಣ ಸಾಧ್ಯವಾದಾಗ ಕಲಾವಿದೆಗೆ 58 ವರ್ಷ ವಯಸ್ಸಾಗಿತ್ತು.

• ಧ್ರುಪದ್ (1982): ನಿರ್ದೇಶನ ಮಣಿ ಕೌಲ್. ರುದ್ರವೀಣೆಯ ಉಸ್ತಾದ್ ಜಿಯಾ ಮೊಹಿಯುದ್ದೀನ್ ಡಾಗರ್ ಮತ್ತು ಗಾಯಕ ಉಸ್ತಾದ್ ಜಿಯಾ ಫರೀದುದ್ದೀನ್ ಡಾಗರ್ ಸಹೋದರರನ್ನು ಒಳಗೊಂಡಿದೆ. ನಿರೂಪಣೆಯ ಮಾತುಗಳು ಮಿತವಾಗಿದ್ದು, ಆಲಾಪಕ್ಕೆ ಹೆಚ್ಚಿನ ಕಾಲಾವಕಾಶ ನೀಡಲಾಗಿದೆ.

• ಸಿದ್ಧೇಶ್ವರಿ (1989): ಫಿಲ್ಮ್ಸ್ ಡಿವಿಷನ್ ನಿರ್ಮಾಣ, ನಿರ್ದೇಶನ ಮಣಿ ಕೌಲ್. 1977ರಲ್ಲಿ ನಿಧನರಾದ ಬನಾರಸಿನ ಠುಮ್ರಿ ಗಾಯಕಿ ಸಿದ್ಧೇಶ್ವರಿ ದೇವಿಯವರ ಜೀವನವನ್ನು ನಟಿ ಮೀತಾ ವಸಿಷ್ಠ್ ಅವರ ಮೂಲಕ ನಿರೂಪಿಸಲಾಗಿದೆ. ಗಾಯಕಿಯು ಸ್ವತಃ ಹಾಡುತ್ತಿರುವ ಹಳೆಯ ದೃಶ್ಯವನ್ನು ನಟಿಯು ಟೆಲಿವಿಷನ್ ಪರದೆಯಲ್ಲಿ ವೀಕ್ಷಿಸುವ ಭಾಗವು ಚಿತ್ರದ ಅಂತ್ಯದಲ್ಲಿದೆ. ಆ ಹಳೆಯ ಮುದ್ರಣವು ಉಳಿಯದೇ ಹೋಗಿದ್ದಲ್ಲಿ ಈ ಭಾಗವು ಸಾಧ್ಯವಾಗುತ್ತಿರಲಿಲ್ಲ.

ಕನ್ನಡ ನಾಡಿನ ಸಂಗೀತಗಾರರನ್ನು ಕುರಿತ ಚಿತ್ರಗಳು

ಧಾರವಾಡ, ಗದಗ, ಬೆಳಗಾವಿ ಸೀಮೆಯಲ್ಲಿ ಜನಿಸಿದ ಹಿಂದೂಸ್ತಾನಿ ಗಾಯಕರನ್ನು ಕುರಿತ ಕೆಲವು ಸಾಕ್ಷ್ಯಚಿತ್ರಗಳ ವಿವರ ಈ ಕೆಳಕಂಡಂತಿದೆ.

• ಪಂಡಿತ್ ಭೀಮಸೇನ ಜೋಶಿ (1922–2011): 2008ರಲ್ಲಿ ಭಾರತರತ್ನ ಘೋಷಿತರಾದ ಈ ಗಾಯಕರನ್ನು ಕುರಿತು ಗುಲ್ಜಾರ್ ಅವರು ಫಿಲ್ಮ್ಸ್ ಡಿವಿಷನ್‌ಗಾಗಿ 1992ರಲ್ಲಿ ಸಾಕ್ಷ್ಯಚಿತ್ರವನ್ನು ನಿರ್ದೇಶಿಸಿದರು. ಅತ್ಯುತ್ತಮ ಜೀವನಚರಿತ್ರೆಯ ಚಿತ್ರವೆಂದು ಇದಕ್ಕೆ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯು ಲಭಿಸಿತು.

• ಪಂಡಿತ್ ಮಲ್ಲಿಕಾರ್ಜುನ ಮನ್ಸೂರ (1910–1992): ಧಾರವಾಡದ ಸಮೀಪದ ಮನ್ಸೂರಿನಲ್ಲಿ ಜನಿಸಿದ, ಜೈಪುರ-ಅತ್ರೌಲಿ ಘರಾಣೆಯ ಈ ಗಾಯಕರನ್ನು ಕುರಿತ ‘ರಸಯಾತ್ರಾ’ ಚಿತ್ರವನ್ನು ನಂದನ್ ಕುಧ್ಯಾಡಿ ನಿರ್ದೇಶಿಸಿದ್ದಾರೆ. 1994ನೇ ಸಾಲಿನ ಅತ್ಯುತ್ತಮ ಕಥೇತರ ಚಿತ್ರವೆಂದು ರಾಷ್ಟ್ರೀಯ ಪ್ರಶಸ್ತಿಯನ್ನು ಪಡೆದಿದೆ. ‘ನನ್ನ ರಸಯಾತ್ರೆ’ ಎಂಬುದು ಮನ್ಸೂರರ ಕನ್ನಡ ಆತ್ಮಕಥೆಯ ಹೆಸರೂ ಆಗಿದೆ.

• ಪಂಡಿತ್ ಕುಮಾರ ಗಂಧರ್ವ (1924–1992): ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಜನಿಸಿ, ಮಧ್ಯಪ್ರದೇಶದ ದೇವಾಸ್‌ನಲ್ಲಿ ನೆಲೆಸಿದ ಈ ಗಾಯಕರನ್ನು ಕುರಿತು ಜಬ್ಬಾರ್ ಪಟೇಲ್ ಅವರು ‘ಹಂಸ್ ಅಕೇಲಾ’ ಚಿತ್ರವನ್ನು ನಿರ್ದೇಶಿಸಿದ್ದಾರೆ.

• ಕನಕ-ಪುರಂದರ (1988): ನಿರ್ದೇಶನ ಗಿರೀಶ ಕಾರ್ನಾಡ. ಕರ್ನಾಟಕ ಸಂಗೀತದ ಅಡಿಪಾಯಕ್ಕೆ ಕಾರಣರಾದ ಪುರಂದರದಾಸರನ್ನೂ, ಸಮಕಾಲೀನರಾದ ಕನಕದಾಸರನ್ನೂ ಕುರಿತ ಚಿತ್ರ. ಇದಕ್ಕೂ ರಾಷ್ಟ್ರೀಯ ಪ್ರಶಸ್ತಿ ಲಭಿಸಿದೆ.

ಚಿತ್ರಗಳು ದೊರೆಯುವ ಸ್ಥಳಗಳು

1. ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ: ಫಿಲ್ಮ್ಸ್ ಡಿವಿಷನ್ ಮತ್ತು ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಗಳನ್ನು 2022ರಲ್ಲಿ ಈ ನಿಗಮದೊಂದಿಗೆ ವಿಲೀನಗೊಳಿಸಲಾಗಿದೆ. ಹಳೆಯ ಪುಸ್ತಕಗಳಲ್ಲಿ ಮತ್ತು ಚಿತ್ರದ ಶೀರ್ಷಿಕೆಗಳಲ್ಲಿ ‘ಫಿಲ್ಮ್ಸ್ ಡಿವಿಷನ್’ ಎಂದಿದ್ದರೂ ಈಗ ಕೋರಿಕೆಯನ್ನು ನಿಗಮಕ್ಕೆ ಸಲ್ಲಿಸಬೇಕಾಗುತ್ತದೆ.

2. ಸಂಗೀತ ನಾಟಕ ಅಕಾಡೆಮಿ, ರವೀಂದ್ರ ಭವನ, ನವದೆಹಲಿ: ಪ್ರದರ್ಶನ ಕಲೆಗಳ ಧ್ವನಿಮುದ್ರಿಕೆ, ವಿಡಿಯೋ, ಚಲನಚಿತ್ರ ಮತ್ತು ಛಾಯಾಚಿತ್ರಗಳ ಸಂಗ್ರಹವಿದೆ.

3. ಪ್ರಸಾರ ಭಾರತಿ: ದೂರದರ್ಶನ ಮತ್ತು ಆಕಾಶವಾಣಿಯ ಮುದ್ರಣಗಳು ಇದರ ಅಧೀನದಲ್ಲಿವೆ. ಆಯ್ದ ಕಛೇರಿಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ವೀಕ್ಷಿಸಬಹುದಾಗಿದೆ.

4. ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ, ನವದೆಹಲಿ: ಕಲೆಗಳ ದಾಖಲೀಕರಣಕ್ಕಾಗಿ ಸಾಂಸ್ಕೃತಿಕ ಸಂಗ್ರಹವನ್ನು ಹೊಂದಿದೆ.

5. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಜನಾಂಗೀಯ ಸಂಗೀತ ಸಂಗ್ರಹಾಲಯ, ಗುರುಗ್ರಾಮ: 1982ರಲ್ಲಿ ಸ್ಥಾಪಿತವಾದುದು. ವಿದೇಶಿ ಸಂಶೋಧಕರು ಭಾರತದಲ್ಲಿ ಮಾಡಿದ ಮುದ್ರಣಗಳ ಪ್ರತಿಗಳನ್ನು ಸಂಗ್ರಹಿಸಿ ಇಲ್ಲಿಯ ಸಂಶೋಧಕರಿಗೆ ಒದಗಿಸುವುದು ಇದರ ಉದ್ದೇಶಗಳಲ್ಲಿ ಒಂದಾಗಿದೆ.

ಕೋರಿಕೆ ಸಲ್ಲಿಸುವವರು ಗಮನಿಸಬೇಕಾದ ಅಂಶಗಳು

ಶುಲ್ಕ, ನಮೂನೆ ಮತ್ತು ಷರತ್ತುಗಳನ್ನು ಆಯಾ ಸಂಸ್ಥೆಯೇ ನಿಗದಿಪಡಿಸುತ್ತದೆ. ಅಪೂರ್ಣ ವಿವರಗಳಿದ್ದಲ್ಲಿ ಹುಡುಕುವುದು ಕಷ್ಟವಾಗುವುದರಿಂದ ಅರ್ಜಿದಾರರು ಈ ಕೆಳಕಂಡ ವಿವರಗಳನ್ನು ಮೊದಲೇ ಸಿದ್ಧಪಡಿಸಿಕೊಳ್ಳುವುದು ಉತ್ತಮ.

• ಚಿತ್ರದ ಹೆಸರು, ನಿರ್ದೇಶಕರು, ನಿರ್ಮಾಣ ಸಂಸ್ಥೆ ಮತ್ತು ವರ್ಷ. ವರ್ಷ ಖಚಿತವಿಲ್ಲದಿದ್ದಲ್ಲಿ ಅಂದಾಜು ದಶಕ.
• ಕಲಾವಿದರ ಹೆಸರಿನ ವಿವಿಧ ರೂಪಗಳು. ಮನ್ಸೂರ, ಮನ್ಸೂರ್, ಮನಸೂರ ಎಂಬಂತೆ ಒಂದೇ ಹೆಸರು ಬೇರೆ ಬೇರೆ ಕಾಗುಣಿತಗಳಲ್ಲಿ ನಮೂದಾಗಿರುವ ಸಾಧ್ಯತೆಯಿದೆ.
• ಕಛೇರಿಯಾದಲ್ಲಿ ನಡೆದ ಊರು, ಸಭೆ, ದಿನಾಂಕ ಮತ್ತು ಪಕ್ಕವಾದ್ಯದವರ ಹೆಸರುಗಳು. ಮುಖ್ಯ ಕಲಾವಿದರ ಹೆಸರಿನಲ್ಲಿ ಸಿಗದ ಮುದ್ರಣವು ಪಕ್ಕವಾದ್ಯದವರ ಹೆಸರಿನಲ್ಲಿ ಸಿಗಬಹುದು.
• ಉದ್ದೇಶ: ಸ್ಥಳದಲ್ಲಿಯೇ ವೀಕ್ಷಣೆ, ವೈಯಕ್ತಿಕ ಅಧ್ಯಯನ, ತರಗತಿಯಲ್ಲಿ ಬಳಕೆ, ಸಾರ್ವಜನಿಕ ಪ್ರದರ್ಶನ ಅಥವಾ ಬೇರೊಂದು ಚಿತ್ರದಲ್ಲಿ ಬಳಕೆ. ಪ್ರತಿಯೊಂದಕ್ಕೂ ಅನುಮತಿಯ ಸ್ವರೂಪವು ಭಿನ್ನವಾಗಿರುತ್ತದೆ.
• ಸಂಶೋಧಕರಾದಲ್ಲಿ ವಿಶ್ವವಿದ್ಯಾನಿಲಯ ಅಥವಾ ಮಾರ್ಗದರ್ಶಕರ ಪರಿಚಯಪತ್ರ.

ದಾಖಲೆಯು ಯಾದಿಯಲ್ಲಿ ಇದ್ದ ಮಾತ್ರಕ್ಕೆ ಪ್ರತಿ ದೊರೆಯುವುದೆಂದು ಭಾವಿಸಲಾಗದು. ಸುರುಳಿಯು ಶಿಥಿಲವಾಗಿದ್ದಲ್ಲಿ ಅದನ್ನು ಓಡಿಸಲು ಸಂಸ್ಥೆಯು ನಿರಾಕರಿಸಬಹುದು. ಅಂತಹ ಸಂದರ್ಭದಲ್ಲಿ ಡಿಜಿಟಲ್ ಪ್ರತಿಯನ್ನು ಮಾಡುವ ಸಾಧ್ಯತೆಯ ಬಗ್ಗೆ ಲಿಖಿತವಾಗಿ ವಿಚಾರಿಸುವುದು ಸೂಕ್ತ.

ಹಕ್ಕುಸ್ವಾಮ್ಯ

ಹಕ್ಕುಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಚಲನಚಿತ್ರದ ಹಕ್ಕು, ಅದು ಪ್ರಕಟವಾದ ವರ್ಷದ ಮುಂದಿನ ಜನವರಿ 1ರಿಂದ 60 ವರ್ಷಗಳವರೆಗೆ ಇರುತ್ತದೆ. ಉದಾಹರಣೆಗೆ, 1970ರಲ್ಲಿ ಪ್ರಕಟವಾದ ಚಿತ್ರದ ಹಕ್ಕು 2030ರ ಡಿಸೆಂಬರ್ 31ಕ್ಕೆ ಮುಕ್ತಾಯವಾಗುತ್ತದೆ. ಸರ್ಕಾರದ ಕೃತಿಗಳಿಗೂ ಅವಧಿಯು 60 ವರ್ಷಗಳೇ ಆಗಿರುವುದರಿಂದ, ಸರ್ಕಾರಿ ಸಂಸ್ಥೆಯು ತಯಾರಿಸಿದ ಚಿತ್ರವನ್ನು ಯಾರು ಬೇಕಾದರೂ ಬಳಸಬಹುದೆಂಬ ತಿಳಿವಳಿಕೆಯು ಸರಿಯಲ್ಲ.

ಚಿತ್ರದ ಹಕ್ಕಲ್ಲದೆ, ಹಾಡಿದ ಅಥವಾ ನುಡಿಸಿದ ಕಲಾವಿದರಿಗೆ ‘ಪ್ರದರ್ಶಕರ ಹಕ್ಕು’ ಇರುತ್ತದೆ. ಇದನ್ನು 1994ರ ತಿದ್ದುಪಡಿಯಿಂದ ಸೇರಿಸಲಾಗಿ, 1999ರ ತಿದ್ದುಪಡಿಯಿಂದ ಅವಧಿಯನ್ನು 25ರಿಂದ 50 ವರ್ಷಗಳಿಗೆ ಹೆಚ್ಚಿಸಲಾಯಿತು. 2012ರ ತಿದ್ದುಪಡಿಯ ಪ್ರಕಾರ, ಚಿತ್ರದಲ್ಲಿ ಸೇರಲು ಕಲಾವಿದರು ಒಪ್ಪಿಗೆ ನೀಡಿದ್ದರೂ ವಾಣಿಜ್ಯ ಬಳಕೆಯಲ್ಲಿ ರಾಯಧನಕ್ಕೆ ಅರ್ಹರಾಗಿರುತ್ತಾರೆ. ಪುರಂದರದಾಸರ ಅಥವಾ ತ್ಯಾಗರಾಜರ ಕೃತಿಗೆ ಹಕ್ಕುಸ್ವಾಮ್ಯವಿಲ್ಲದಿದ್ದರೂ ಆ ಕೃತಿಯ ನಿರ್ದಿಷ್ಟ ಹಾಡುಗಾರಿಕೆಗೆ ಹಕ್ಕು ಇರಬಹುದು ಎಂಬುದನ್ನು ಗಮನಿಸುವುದು. ಖಾಸಗಿ ಬಳಕೆಗಾಗಿ ಅಥವಾ ಕೇವಲ ಬೋಧನೆ ಮತ್ತು ಸಂಶೋಧನೆಗಾಗಿ ಮುದ್ರಣ ಮಾಡಿಕೊಳ್ಳುವುದು ಪ್ರದರ್ಶಕರ ಹಕ್ಕಿನ ಉಲ್ಲಂಘನೆಯಾಗುವುದಿಲ್ಲ.

ಸಾರ್ವಜನಿಕ ಪ್ರದರ್ಶನವನ್ನು ಏರ್ಪಡಿಸುವ ಸಂಘಸಂಸ್ಥೆಗಳು ಹಕ್ಕುದಾರರ ಲಿಖಿತ ಅನುಮತಿಯನ್ನು ಪಡೆಯತಕ್ಕದ್ದು. ಚಲನಚಿತ್ರ ಅಧಿನಿಯಮ, 1952ರ ಅಡಿಯಲ್ಲಿ ಚಿತ್ರಕ್ಕೆ ಪ್ರಮಾಣಪತ್ರವಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳತಕ್ಕದ್ದು.

ಮನೆಯಲ್ಲಿರುವ ಸುರುಳಿ ಮತ್ತು ಟೇಪುಗಳ ರಕ್ಷಣೆ

ಸಂಗೀತಗಾರರ ಕುಟುಂಬಗಳು, ಶಿಷ್ಯರು, ಸಭೆಗಳು ಮತ್ತು ಮಠ ಮಂದಿರಗಳ ಬಳಿ ಇರುವ ಮುದ್ರಣಗಳು ಬೇರೆಲ್ಲಿಯೂ ಇಲ್ಲದಿರಬಹುದು. ಅವು ಪೆಟ್ಟಿಗೆಯೊಳಗೆ ಭದ್ರವಾಗಿವೆಯೆಂದು ತೋರಿದರೂ ಪ್ರತಿ ಮಳೆಗಾಲದ ತೇವದಿಂದ ಕ್ಷೀಣಿಸುತ್ತಿರುತ್ತವೆ.

• ಫಿಲ್ಮ್ ಡಬ್ಬಿಯನ್ನು ತೆರೆದಾಗ ಹುಳಿ ವಾಸನೆ ಬಂದಲ್ಲಿ ಅಸಿಟೇಟ್ ಫಿಲ್ಮ್ ಕೊಳೆಯುತ್ತಿದೆ ಎಂದರ್ಥ. ಅಂತಹ ಸುರುಳಿಯನ್ನು ಇತರ ಸುರುಳಿಗಳಿಂದ ಬೇರ್ಪಡಿಸಿ, ತಂಪಾದ ಒಣ ಜಾಗದಲ್ಲಿ ಇಡತಕ್ಕದ್ದು.
• 1950ರ ದಶಕದ ಆರಂಭಕ್ಕಿಂತ ಹಿಂದಿನ 35 ಮಿ.ಮೀ. ಸುರುಳಿಗಳು ನೈಟ್ರೇಟ್ ಫಿಲ್ಮ್ ಆಗಿರಬಹುದು. ಇದು ಸುಲಭವಾಗಿ ಹೊತ್ತಿಕೊಳ್ಳುವ ವಸ್ತುವಾಗಿದೆ. 2003ರ ಜನವರಿಯಲ್ಲಿ ಪುಣೆಯಲ್ಲಿ ಸಂಭವಿಸಿದ ಬೆಂಕಿ ಅನಾಹುತದಲ್ಲಿ ಅಮೂಲ್ಯ ನೈಟ್ರೇಟ್ ಚಿತ್ರಗಳು ನಾಶವಾದವು. ಇಂತಹ ಸುರುಳಿಯನ್ನು ಅಂಚೆಯಲ್ಲಿ ಕಳುಹಿಸದೆ ಸಂಗ್ರಹಾಲಯಕ್ಕೆ ಮೊದಲು ಮಾಹಿತಿ ನೀಡತಕ್ಕದ್ದು.
• ಹಳೆಯ ಪ್ರೊಜೆಕ್ಟರಿನಲ್ಲಿ ಸುರುಳಿಯನ್ನು ಓಡಿಸಿ ನೋಡಬಾರದು. ಕುಗ್ಗಿದ ಫಿಲ್ಮ್ ಒಮ್ಮೆ ಹರಿದಲ್ಲಿ ಆ ಭಾಗವನ್ನು ಮರಳಿ ಪಡೆಯಲಾಗದು.
• ವಿಡಿಯೋ ಕ್ಯಾಸೆಟ್ಟುಗಳನ್ನು ನೆಟ್ಟಗೆ ನಿಲ್ಲಿಸಿ ಇಡತಕ್ಕದ್ದು. ಬೂಷ್ಟು ಹಿಡಿದವುಗಳನ್ನು ಹಾಕಿ ನೋಡಬಾರದು. ವಿ.ಎಚ್.ಎಸ್. ಯಂತ್ರಗಳ ತಯಾರಿಕೆಯು 2016ರಲ್ಲಿ ನಿಂತುಹೋಗಿರುವುದರಿಂದ ಡಿಜಿಟಲ್ ಪ್ರತಿಯನ್ನು ವಿಳಂಬವಿಲ್ಲದೆ ಮಾಡಿಸುವುದು ಅವಶ್ಯ.
• ಡಿಜಿಟಲ್ ಪ್ರತಿಗಳನ್ನು ಕನಿಷ್ಠ ಮೂರು ಮಾಡಿ, ಒಂದನ್ನು ಬೇರೆ ಊರಿನಲ್ಲಿ ಇಡುವುದು ಒಳ್ಳೆಯದು. ಪ್ರತಿಯಾದ ನಂತರವೂ ಮೂಲ ಸುರುಳಿಯನ್ನು ಎಸೆಯಬಾರದು.
• ಗಾಯಕರು, ಪಕ್ಕವಾದ್ಯದವರು, ತಂಬೂರಿಯವರು, ರಾಗ, ಸ್ಥಳ, ದಿನಾಂಕ ಇವುಗಳನ್ನು ತಿಳಿದಿರುವ ಹಿರಿಯರಿಂದ ಕೇಳಿ ಈಗಲೇ ಬರೆದಿಡತಕ್ಕದ್ದು.

ಕೊನೆಯ ಅಂಶವು ಅತಿ ಮುಖ್ಯವಾದುದು. ಮಾಸಿದ ಚಿತ್ರವನ್ನು ತಂತ್ರಜ್ಞರು ಸ್ವಲ್ಪಮಟ್ಟಿಗೆ ಸರಿಪಡಿಸಬಲ್ಲರು. ಹೆಸರು ಹೇಳಬಲ್ಲವರು ತೀರಿಹೋದ ಬಳಿಕ ಹಾಡುತ್ತಿರುವವರು ಯಾರೆಂಬುದನ್ನು ಯಾವ ಯಂತ್ರವೂ ತಿಳಿಸಲಾರದು.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮುದ್ರಣವನ್ನು ಸಂಗ್ರಹಾಲಯಕ್ಕೆ ನೀಡಿದಲ್ಲಿ ಕುಟುಂಬದ ಹಕ್ಕು ಹೋಗುವುದೇ?
ಉತ್ತರ: ಸುರುಳಿಯನ್ನು ಒಪ್ಪಿಸುವುದು ಮತ್ತು ಹಕ್ಕುಸ್ವಾಮ್ಯವನ್ನು ವರ್ಗಾಯಿಸುವುದು ಬೇರೆ ಬೇರೆ ಸಂಗತಿಗಳು. ಹಕ್ಕಿನ ವರ್ಗಾವಣೆಗೆ ಲಿಖಿತ ಒಪ್ಪಂದವು ಅಗತ್ಯ. ವೀಕ್ಷಣೆ, ಪ್ರತಿ ಮತ್ತು ಪ್ರಸಾರಕ್ಕೆ ಪ್ರತ್ಯೇಕ ಷರತ್ತುಗಳನ್ನು ಬರೆಸಿಕೊಂಡು, ತಮಗೊಂದು ಡಿಜಿಟಲ್ ಪ್ರತಿಯನ್ನು ಕೇಳಬಹುದು.

ಪ್ರಶ್ನೆ: ಸಭೆಯಲ್ಲಿ ನಡೆಯುವ ಕಛೇರಿಯನ್ನು ಪ್ರೇಕ್ಷಕರು ಚಿತ್ರೀಕರಿಸಿ ಅಂತರ್ಜಾಲದಲ್ಲಿ ಹಾಕಬಹುದೇ?
ಉತ್ತರ: ಕಲಾವಿದರ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಸಭೆಯವರು ಮುಖ್ಯ ಕಲಾವಿದರಿಂದಲೂ ಪಕ್ಕವಾದ್ಯದವರಿಂದಲೂ ಮುಂಚಿತವಾಗಿ ಲಿಖಿತ ಒಪ್ಪಿಗೆ ಪಡೆಯುವುದು ಸೂಕ್ತ.

ಪ್ರಶ್ನೆ: ಚಿತ್ರವು ಸುರುಳಿಯಲ್ಲಿದ್ದು ಧ್ವನಿಯು ಇಲ್ಲವಾದಲ್ಲಿ ಪ್ರಯೋಜನವಿದೆಯೇ?
ಉತ್ತರ: ಇದೆ. ಧ್ವನಿಟೇಪು ಬೇರೆಡೆ ಇರಬಹುದು. ಸಿಗದಿದ್ದರೂ ವಾದ್ಯವನ್ನು ಹಿಡಿಯುವ ರೀತಿ, ಬೆರಳುಗಳ ಬಳಕೆ ಮತ್ತು ವೇದಿಕೆಯ ಪದ್ಧತಿಗಳನ್ನು ತಿಳಿಯಲು ಮೂಕಿ ಚಿತ್ರವೂ ಆಧಾರವಾಗುತ್ತದೆ.

ಧ್ವನಿ-ದೃಶ್ಯ ಪರಂಪರೆಯ ಮಹತ್ವವನ್ನು ಸಾರಲು ಯುನೆಸ್ಕೋ ಸಂಸ್ಥೆಯು ಅಕ್ಟೋಬರ್ 27ನ್ನು ವಿಶ್ವ ದಿನವನ್ನಾಗಿ ಆಚರಿಸುತ್ತದೆ. ಆ ದಿನದವರೆಗೆ ಕಾಯದೆ, ಮನೆಯಲ್ಲಿರುವ ಸುರುಳಿ ಮತ್ತು ಟೇಪುಗಳ ಪಟ್ಟಿಯನ್ನು ತಯಾರಿಸಿ, ಸಂಬಂಧಪಟ್ಟ ಸಂಗ್ರಹಾಲಯವನ್ನು ಸಂಪರ್ಕಿಸುವುದು ಸಾರ್ವಜನಿಕರು ಕೈಗೊಳ್ಳಬಹುದಾದ ಮೊದಲ ಕ್ರಮವಾಗಿದೆ.